ಜೈನ ವೈದ್ಯಗ್ರಂಥಗಳೂ ವನಸ್ಪತಿ ಔಷಧಗಳೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೂ ಸ್ಥಾನವಿತ್ತ ಜೈನಾಚಾರ್ಯರು, ಆ ಔಷಧವು ಎಂಥದಿರಬೇಕೆಂಬುದನ್ನು ವಿಚಾರಿಸದೆ ಬಿಡಲಿಲ್ಲ. ಒಂದು ಜೀವದ ಬೇನೆಯನ್ನು ಕಳೆಯಲು ಇನ್ನೊಂದು ಜೀವವನ್ನು ಕೊಂದರೆ ಅದು ದಾನವಾಗುವುದೆಂತು? ಈ ಪ್ರಶ್ನೆಯ ಬೆನ್ನು ಹತ್ತಿ ಕರ್ನಾಟಕದಲ್ಲಿ ಒಂದು ಪ್ರತ್ಯೇಕ ವೈದ್ಯಪರಂಪರೆ ಬೆಳೆದು ಬಂದಿತು.

9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. 25 ಪರಿಚ್ಛೇದಗಳ ಈ ಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಕೊನೆಯಲ್ಲಿ ಸೇರಿರುವ ಹಿತಾಹಿತಾಧ್ಯಾಯದಲ್ಲಿ, ನೃಪತುಂಗನ ಸಭೆಯಲ್ಲಿ ಮಾಂಸೌಷಧದ ನಿಷ್ಫಲತೆಯನ್ನು ಆಚಾರ್ಯರು ಪ್ರತಿಪಾದಿಸಿದ ವಿಷಯವಿದೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಮಾಂಸರಸವೂ ಜೇನೂ ಸಾಮಾನ್ಯವಾಗಿದ್ದುದನ್ನು ನೆನೆದರೆ ಇದೆಷ್ಟು ಧೈರ್ಯದ ಮಾತೆಂಬುದು ತಿಳಿದೀತು. ಈ ಗ್ರಂಥವು ಪಂ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ, ಹಿಂದೀ ಅನುವಾದದೊಡನೆ, 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಕನ್ನಡದಲ್ಲಿಯೂ ಈ ಮಾರ್ಗ ಮುಂದುವರಿಯಿತು. ಪೂಜ್ಯಪಾದರ ವೈದ್ಯಗ್ರಂಥವನ್ನು ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದನು; ಸುಮಾರು 1360ರಲ್ಲಿ ಮಂಗರಾಜನು ವಿಷಚಿಕಿತ್ಸೆಗಾಗಿ ‘ಖಗೇಂದ್ರಮಣಿದರ್ಪಣ’ವನ್ನು ಬರೆದನು.

ಆದರೆ ಈ ಸೀಮೆಯವರು ವಿಶೇಷವಾಗಿ ನೆನೆಯಬೇಕಾದವನು ಕೀರ್ತಿವರ್ಮ. ಶಾಸನಗಳಲ್ಲಿ ಮಣಿಂಗವಳ್ಳಿ ಎನಿಸಿದ ಮನಗೂಳಿಯು ತರ್ದವಾಡಿ ಸಾಸಿರ ನಾಡಿಗೆ ಸೇರಿ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದಿತು. ಆ ವಂಶದ ರಾಜಕುಮಾರನೂ ಆರನೆಯ ವಿಕ್ರಮಾದಿತ್ಯನ ಸಹೋದರನೂ ಆದ ಈ ಜೈನ ಕವಿಯು ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ಬರೆದನು. ದನಕರುಗಳ ರೋಗಗಳಿಗೆ ಮದ್ದನ್ನೂ ಮಂತ್ರವನ್ನೂ ಹೇಳುವ ಗ್ರಂಥವಿದು. ಮಂತ್ರಭಾಗವನ್ನು ಇಂದಿನವರು ಒಪ್ಪಲಿಕ್ಕಿಲ್ಲ. ಆದರೆ ಅರಮನೆಯಲ್ಲಿ ಹುಟ್ಟಿದವನೊಬ್ಬನು ಬಾಯಿಲ್ಲದ ಪಶುವಿನ ಬೇನೆಗಾಗಿ ಲೇಖನಿ ಹಿಡಿದುದು ಸಣ್ಣ ಸಂಗತಿಯಲ್ಲ. ಎರೆಭೂಮಿಯ ಈ ನಾಡಿನಲ್ಲಿ ಎತ್ತು ಮಲಗಿದರೆ ಒಕ್ಕಲುತನವೇ ಮಲಗಿದಂತೆ.

ಗ್ರಂಥಗಳ ಹೆಸರನ್ನೇ ಕೇಳದ ಶ್ರಾವಕರ ಮನೆಗಳಲ್ಲಿಯೂ ಈ ನಿಯಮ ಉಳಿದು ಬಂದಿತು. ಹಸಿಶುಂಠಿ ಕಂದಮೂಲವೆಂದು ವರ್ಜ್ಯ; ಒಣಗಿದ ಮೇಲೆ ಅದೇ ಶುಂಠಿ ಔಷಧ. ಕೆಮ್ಮಿಗೆ ಹಿಪ್ಪಲಿಯ ಪುಡಿಯನ್ನು ಪರರು ಜೇನಿನಲ್ಲಿ ಕಲಸಿದರೆ ಶ್ರಾವಕಿಯರು ಬೆಲ್ಲದಲ್ಲಿ ಕಲಸಿ ಕೊಡುವರು. ವನಸ್ಪತಿಯೂ ಏಕೇಂದ್ರಿಯ ಜೀವವೇ ಆದುದರಿಂದ ಅದನ್ನಾದರೂ ಬೇಕಾದಷ್ಟೇ ಮುಟ್ಟಬೇಕೆಂಬ ಎಚ್ಚರ ಹಿರಿಯರಲ್ಲಿದ್ದಿತು.

ಅಳಲೆ, ತಾರೆ, ನೆಲ್ಲಿಗಳ ಒಣಗಿದ ಕಾಯಿಗಳನ್ನು ಬೇರೆ ಬೇರೆಯಾಗಿ ಕೊಂಡು, ಬೀಜ ತೆಗೆದು, ಮನೆಯಲ್ಲಿಯೇ ಕುಟ್ಟಿ ತ್ರಿಫಲಾ ಮಾಡಿಕೊಳ್ಳುತ್ತಿದ್ದ ಕಾಲವೊಂದಿದ್ದಿತು. ಈಗ ಅಂಗಡಿಗೆ ಬಂದವರು ಚೂರ್ಣದ ಡಬ್ಬಿಯನ್ನೇ ಕೇಳುವರು. ಅಳಲೆ ಯಾವುದು, ತಾರೆ ಯಾವುದು ಎಂದು ಕೈಗೆತ್ತಿಕೊಂಡು ಹೇಳಬಲ್ಲವರು, ಮಾರುವವರಲ್ಲಿಯೂ ಕೊಳ್ಳುವವರಲ್ಲಿಯೂ, ವಿರಳರಾಗಿದ್ದಾರೆ.