ಊರೊಟ್ಟಿನ ಕೆಲಸ: ಅಂದು, ಇಂದು

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಹಾಲಿನ ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ. ನಾವು ಊರಿನ ಕೆರೆ, ಗುಂಡುತೋಪು, ರಸ್ತೆಬದಿಯ ಚರಿತ್ರೆ ಬರೆಯಲು ಹೊರಟಿದ್ದೇವೆ. ಹಾಲಿಗೂ ಕಸಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ. ನಮ್ಮ ಹಸುಗಳು ತಿನ್ನುವುದು ಕೆರೆಯಂಗಳದ ಹುಲ್ಲು. ಉಳಿದ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ ರಸ್ತೆಬದಿಗೆ ಎಸೆದರೆ ಹಸು ಅದನ್ನು ಗಂಟಿನ ಸಮೇತ ನುಂಗುತ್ತದೆ. ಆ ಕವರು ಹೊಟ್ಟೆಯಲ್ಲಿ ಕರಗುವುದಿಲ್ಲ. ಸೇರಿ ಸೇರಿ ಗಡ್ಡೆಯಾಗುತ್ತದೆ, ಹಸು ಮೇವು ಬಿಡುತ್ತದೆ, ಹಾಲು ಬತ್ತುತ್ತದೆ. ಹಾಗಾಗಿ ಊರಿನ ಕಸ ಕೊನೆಗೆ ನಮ್ಮ ಕೊಟ್ಟಿಗೆಗೇ ಬರುತ್ತದೆ.

ಹಿಂದಿನ ಏರ್ಪಾಡು

ನಮ್ಮ ಭಾಗದಲ್ಲಿ ದೊಡ್ಡ ನದಿ ಇಲ್ಲ. ಹಿರಿಯರು ಹಳ್ಳಕ್ಕೆ ಏರಿ ಹಾಕಿ, ಒಂದು ಕೆರೆಯ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಸರಪಳಿಯಾಗಿ ಕೆರೆ ಕಟ್ಟಿದರು. ಅಗರದಲ್ಲಿ ಸಿಕ್ಕಿರುವ, ಗಂಗರ ಕಾಲದ 9ನೇ ಶತಮಾನದ ಶಾಸನವು ಕೆರೆಗಳಿಗೆ ತೂಬು ಇಡಿಸಿದ್ದನ್ನೂ ಬಿತ್ತುವಟ್ಟ ಕೊಟ್ಟಿದ್ದನ್ನೂ ಹೇಳುತ್ತದೆ. ಬಿತ್ತುವಟ್ಟ ಎಂದರೆ ಕೆರೆಯ ಕೆಲಸ ಮಾಡಿಸಿದವರಿಗೆ ಬಿಟ್ಟುಕೊಡುತ್ತಿದ್ದ ಜಮೀನು. ಕೆರೆ ಕಟ್ಟುವುದು ಪುಣ್ಯದ ಕೆಲಸ ಅಂತ ಎಲ್ಲರೂ ಒಪ್ಪಿದ್ದರು. ಆದರೂ ಬರೀ ಪುಣ್ಯದ ಮೇಲೆ ಬಿಡದೆ ಅದಕ್ಕೊಂದು ಆದಾಯವನ್ನೂ ಗೊತ್ತು ಮಾಡಿದ್ದರು. ಇದು ಗಮನಿಸಬೇಕಾದ ಮಾತು.

ದಿನನಿತ್ಯ ಕೆರೆ ನೋಡಿಕೊಳ್ಳುವವನು ನೀರುಗಂಟಿ. ತೂಬು ಎತ್ತುವುದು, ಗದ್ದೆಗೆ ಸರದಿಯಂತೆ ನೀರು ಬಿಡುವುದು, ಮಳೆಗಾಲದಲ್ಲಿ ಏರಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಆಯ ಅಳೆದು ಕೊಡುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡು ಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ಹೋಯಿತು. ಆ ದಿನಗಳಲ್ಲಿ ಇದನ್ನು ಸೇವೆ ಅಂತ ಯಾರೂ ಕರೆಯುತ್ತಿರಲಿಲ್ಲ. ನೀರು ಬೇಕಾದವನು ಏರಿಗೆ ಮಣ್ಣು ಹೊರಬೇಕು, ಅಷ್ಟೇ.

ಹಿಂದಿನದ್ದೆಲ್ಲ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ನೀರುಗಂಟಿ, ತೋಟಿ ಮುಂತಾದ ಚಾಕರಿಗಳು ಹುಟ್ಟಿನಿಂದ ಬಂದವು, ಜಾತಿಗೆ ಅಂಟಿಕೊಂಡವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಅವು ಹೋದದ್ದು ನ್ಯಾಯವೇ. ಹುದ್ದೆ ಹೋಯಿತು, ಆದರೆ ಕೆಲಸ ಹೋಗಲಿಲ್ಲವಲ್ಲ! ಆ ಕೆಲಸವನ್ನು ಇನ್ನು ಮೇಲೆ ಯಾರು ಮಾಡಬೇಕು ಅಂತ ಊರು ಕೂತು ತೀರ್ಮಾನ ಮಾಡಲಿಲ್ಲ. ಅಷ್ಟರಲ್ಲಿ ಬೋರ್‌ವೆಲ್ ಬಂದವು. ಪಂಪು ಹಾಕಿದವನಿಗೆ ತೂಬಿನ ಯೋಚನೆ ಬೇಕಿಲ್ಲದೆ ಹೋಯಿತು. ಊರಿಗೂ ಕೆರೆಗೂ ಇದ್ದ ಹಗ್ಗ ಕಡಿದದ್ದು ಹೀಗೆ.

ಪಟ್ಟಣ ಬಂದ ಮೇಲೆ

1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡ್ ಕಡೆ ಐ.ಟಿ. ಪಾರ್ಕು ಬಂದವು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಗದ್ದೆ ಬಯಲು ಲೇಔಟಾಯಿತು, ರಾಜಕಾಲುವೆ ಚರಂಡಿಯಾಯಿತು.

ಕಸದ ಕಥೆಯೂ ಇದೇ. ಪಟ್ಟಣದವರ ಕಸವನ್ನು ಲಾರಿಗಳು ತಂದು ಹಳ್ಳಿಗಳಲ್ಲಿ ಸುರಿದವು. ಯಲಹಂಕ ಕಡೆಯ ಮಾವಳ್ಳಿಪುರದವರು ಎದ್ದುನಿಂತ ಮೇಲೆ 2012ರಲ್ಲಿ ಅಲ್ಲಿ ನಿಂತಿತು. ನಮ್ಮ ಪೂರ್ವ ತಾಲ್ಲೂಕಿನ ಮಂಡೂರಿನ ಜನ 2014ರಲ್ಲಿ ಪ್ರತಿಭಟನೆ ಮಾಡಿದರು, ಆ ವರ್ಷದ ಕೊನೆಗೆ ಅಲ್ಲಿಗೂ ಕಸ ಸಾಗಿಸುವುದು ನಿಂತಿತು. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು ಹೈಕೋರ್ಟು 2012ರಲ್ಲೇ ಹೇಳಿತ್ತು. ಕಸ ಬೇರೆ ಮಾಡದ ಮನೆಯವರು ಅದನ್ನು ಯಾವುದೋ ಹಳ್ಳಿಯ ಬಾವಿಗೇ ಹಾಕಿದ ಹಾಗೆ ಎನ್ನುವುದನ್ನು ಮಂಡೂರು ತೋರಿಸಿಕೊಟ್ಟಿತು.

ಕೈಕೊಂಡ್ರಹಳ್ಳಿಯ ಉದಾಹರಣೆ

ಇಷ್ಟರ ನಡುವೆ ಒಂದು ಒಳ್ಳೆಯ ಕೆಲಸವೂ ಆಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆಯದು. ಕೊಳಚೆ ಸೇರಿ, ಬತ್ತಿ, ಕಸ ಸುರಿಯುವ ಜಾಗವಾಗಿತ್ತು. ಸುತ್ತಲಿನ ಬಡಾವಣೆಗಳ ನಿವಾಸಿಗಳು, ಕೆಲವು ತಜ್ಞರು, ಹಳ್ಳಿಯವರು ಕೂಡಿ ಪಾಲಿಕೆಯ ಅಧಿಕಾರಿಗಳ ಜೊತೆ ಕೂತು 2009ರಿಂದ 2011ರೊಳಗೆ ಅದನ್ನು ಸರಿ ಮಾಡಿಸಿದರು. ದುಡ್ಡು ಪಾಲಿಕೆಯದು, ಕಾವಲು ಜನರದು. ನಂತರ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಅಂತ ಮಾಡಿಕೊಂಡು ನಿರ್ವಹಣೆಗೆ ಕೈ ಕೊಟ್ಟರು.

ಅವರು ಕೆರೆಗೆ ಬೇಲಿ ಹಾಕಿ ಬರೀ ವಾಕಿಂಗ್ ಮಾಡುವವರ ಪಾರ್ಕು ಮಾಡಲಿಲ್ಲ ಎನ್ನುವುದು ನಮಗೆ ಹಿಡಿಸಿತು. ದನಕ್ಕೆ ಹುಲ್ಲು ಕುಯ್ಯುವ ಹಳ್ಳಿಯವರಿಗೆ ಅಲ್ಲಿ ಜಾಗ ಉಳಿಯಿತು. ಗಣೇಶ ಬಿಡಲು ಬೇರೆ ಕಲ್ಯಾಣಿ ಮಾಡಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆಯೇ ಪಾಠವಾಯಿತು. ಹಳಬರು ಹೊಸಬರು ಇಬ್ಬರಿಗೂ ಕೆರೆಯಿಂದ ಏನೋ ಒಂದು ಸಿಗುತ್ತದೆ, ಅದಕ್ಕೇ ಇಬ್ಬರೂ ಕಾಯುತ್ತಾರೆ.

ವೈಟ್‌ಫೀಲ್ಡಿನಲ್ಲೂ 2013ರಲ್ಲಿ ‘ವೈಟ್‌ಫೀಲ್ಡ್ ರೈಸಿಂಗ್’ ಎಂಬ ಹೆಸರಿನಲ್ಲಿ ನಿವಾಸಿಗಳು ಸೇರಿದರು. ರಜೆಯ ದಿನ ಪೊರಕೆ, ಸಲಿಕೆ ಹಿಡಿದು ಕಸದ ಮೂಲೆಗಳನ್ನು ಗುಡಿಸಿ, ಗೋಡೆಗೆ ಬಣ್ಣ ಹೊಡೆದರು. ಕಂಪ್ಯೂಟರ್ ಕೆಲಸದವರಿಗೆ ಸಲಿಕೆ ಹಿಡಿಯಲು ಬರುತ್ತಾ ಅಂತ ನಮ್ಮವರು ಮೊದಲು ನಕ್ಕಿದ್ದುಂಟು. ನಗುವುದು ಸುಲಭ. ಅವರು ಮತ್ತೆ ಮತ್ತೆ ಬಂದರು, ಅದು ದೊಡ್ಡದು.

ಗುಡಿಸಿದರೆ ಮಾತ್ರ ಸಾಲದು

ಬೆಳ್ಳಂದೂರು ಕೆರೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಬೆಂಗಳೂರಿನ ಅತಿ ದೊಡ್ಡ ಕೆರೆ ಅದು, ಸುಮಾರು 900 ಎಕರೆ. ಪಟ್ಟಣದ ಕೊಳಚೆ, ಸೋಪಿನ ನೀರು ಸೇರಿ 2015ರಲ್ಲಿ ನೊರೆ ರಸ್ತೆಗೆ ಹಾರಿತು, ಕೆರೆಗೇ ಬೆಂಕಿ ಬಿತ್ತು. 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಮತ್ತೆ ಹೊತ್ತಿತು. 2018ರಲ್ಲಿ ಆರಿಸಲು ಸೈನಿಕರೇ ಬರಬೇಕಾಯಿತು. ಕೋಡಿಯ ಕೆಳಗಿನ ವರ್ತೂರು ಕೆರೆಯ ಸ್ಥಿತಿಯೂ ಅದೇ ಆಗಿತ್ತು. ಅದೇ ಸರಪಳಿ, ಅದೇ ದಾರಿ. ನೀರಿನ ಬದಲು ಕೊಳಚೆ ಇಳಿದು ಬಂತು. ಇಂಥ ಕಡೆ ದಡ ಎಷ್ಟು ಗುಡಿಸಿದರೂ ಮೇಲಿನ ಕೊಳಚೆ ನಿಲ್ಲದೆ ಫಲವಿಲ್ಲ. ಅದನ್ನು ನಿಲ್ಲಿಸುವುದು ಸರ್ಕಾರದ ಕೆಲಸ. ಆದರೆ ಬಿಡದೆ ಕೇಳುವ ಜನ ಇದ್ದರೆ ಮಾತ್ರ ಆ ಕೆಲಸ ಆಗುತ್ತದೆ.

ಸಹಕಾರಿಗಳಾದ ನಮ್ಮ ಪಾಲು

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಆದ್ದರಿಂದ ಕೆರೆ, ತೋಪು ನೋಡುವುದು ಸಂಘಕ್ಕೆ ಹೊರಗಿನ ಕೆಲಸವಲ್ಲ.

ಒಂದು ದಿನ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡರೆ ಮುಂದಿನ ವಾರಕ್ಕೆ ಕಸ ಮತ್ತೆ ಬಂದಿರುತ್ತೆ. ನೀರುಗಂಟಿಯ ಕಾಲದಿಂದ ಕೈಕೊಂಡ್ರಹಳ್ಳಿಯವರೆಗೆ ಚರಿತ್ರೆ ಹೇಳುವುದು ಒಂದೇ: ಸರದಿ ಇರಬೇಕು, ಹೊಣೆ ಯಾರದು ಅಂತ ಗೊತ್ತಿರಬೇಕು, ಮಾಡಿದವನಿಗೂ ಊರಿಗೂ ಅದರಿಂದ ಉಪಯೋಗ ಆಗಬೇಕು. ಸರದಿ ಎಂದರೇನು ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೇರಿ ಮುಂದೆ ನಿಲ್ಲುವವರು ನಾವು. ಮಳೆ ಬಂದರೂ ಹಬ್ಬ ಬಂದರೂ ಒಂದು ಹೊತ್ತು ತಪ್ಪಿಸಿಲ್ಲ.

ಹಾಗಾಗಿ ಮುಂದಿನ ಸರ್ವಸದಸ್ಯರ ಸಭೆಗೆ ನಾವು ಈ ವಿಷಯ ತರುತ್ತಿದ್ದೇವೆ. ತಿಂಗಳಿಗೊಂದು ಭಾನುವಾರ, ಹತ್ತು ಮನೆಗೊಂದು ಸರದಿ, ಹಾಲಿನ ಪುಸ್ತಕದ ಪಕ್ಕದಲ್ಲೇ ಅದಕ್ಕೊಂದು ಪುಸ್ತಕ. ಈಚೆಗೆ ಬಂದು ನೆಲೆಸಿದ ಬಡಾವಣೆಯವರನ್ನೂ ಕರೆಯೋಣ. ಅವರೂ ನಮ್ಮ ಹಾಲನ್ನೇ ಕುಡಿಯುವವರು. ಸದಸ್ಯ ಬಾಂಧವರು ದಯಮಾಡಿ ಸಭೆಗೆ ಬಂದು ತಮ್ಮ ಸರದಿಯ ಹೆಸರು ಬರೆಸಬೇಕಾಗಿ ಕೋರುತ್ತೇವೆ.