ಘಟ್ಟ ಹತ್ತಿದವರ ಮಕ್ಕಳೂ ಹೈಸ್ಕೂಲಿನ ಬಾಗಿಲೂ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಚರಿತ್ರೆಗೆ ಅಗ್ರಸ್ಥಾನ ದೊರೆಯುವುದು ವಾಡಿಕೆ. ಗಂಟೆ ಎಲ್ಲಿಂದ ಬಂದಿತು, ಹೆಂಚನ್ನು ಯಾರು ಹೊದಿಸಿದರು, ಮುಖಮಂಟಪ ಯಾವ ವರ್ಷ ಎದ್ದಿತು ಎಂಬುದೆಲ್ಲ ಸವಿಸ್ತಾರವಾಗಿ ದಾಖಲಾಗುತ್ತದೆ. ಅದು ಆಗಬೇಕಾದುದೇ. ಆದರೆ ಕಾಫಿ ಸೀಮೆಗೆ ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳ ಮನೆಮಾತಿನಲ್ಲಿ ಕಟ್ಟಡಕ್ಕಿಂತ ಹೆಚ್ಚು ಕಾಲ ಉಳಿದುಬಂದಿರುವ ಸಂಗತಿ ಬೇರೊಂದಿದೆ. ನಾಲ್ಕನೆಯ ತರಗತಿಯವರೆಗೆ ಹೇಗೋ ಓದಿಸಿದ ಹುಡುಗನನ್ನೋ ಹುಡುಗಿಯನ್ನೋ ಮುಂದೆ ಎಲ್ಲಿ ಸೇರಿಸುವುದು ಎಂಬ ಚಿಂತೆಯೇ ಅದು. ಆ ಚಿಂತೆಗೂ ಒಂದು ಚರಿತ್ರೆ ಉಂಟು. ಅದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ಬರೆದಿಡಲು ಬಯಸುತ್ತೇವೆ.

ವಸ್ತಾರೆ ಇಂದು ಚಿಕ್ಕಮಗಳೂರು ತಾಲೂಕಿನ ಒಂದು ಹೋಬಳಿಯ ಕೇಂದ್ರ. ಜಿಲ್ಲೆಗೆ ಕಡೂರು ಜಿಲ್ಲೆಯೆಂಬ ಹೆಸರಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಹೆಸರಿನಲ್ಲೇ ಒಂದು ತಾಲೂಕಿತ್ತೆಂಬುದನ್ನು ಈಗಿನ ತರುಣರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ತಾಲೂಕು ಕಚೇರಿ ಹೋದ ಊರಿಗೆ ದೊಡ್ಡ ಶಾಲೆ ಬೇಗ ಬರುವುದಿಲ್ಲ. ಸುತ್ತಲ ಗುಡ್ಡಗಳಲ್ಲಿ ತೋಟಗಳು ಹಬ್ಬಿದವು, ತೋಟಗಳೊಡನೆ ಜನರೂ ಬಂದರು. ಹೈಸ್ಕೂಲು ಮಾತ್ರ ಬಹುಕಾಲ ಪೇಟೆಯ ಸ್ವತ್ತಾಗಿಯೇ ಉಳಿಯಿತು.

ಇದು ಬಡವರ ಪಾಡು ಮಾತ್ರವಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. ಇದೇ ಜಿಲ್ಲೆಯ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ಅನುಕೂಲಸ್ಥ ಮನೆತನದವರು. ಆದರೂ ತೀರ್ಥಹಳ್ಳಿಯಲ್ಲಿ ಮಾಧ್ಯಮಿಕ ವಿದ್ಯಾಭ್ಯಾಸ ಮುಗಿಸಿದ ಮೇಲೆ ಅವರು ಹೈಸ್ಕೂಲಿಗಾಗಿ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯವರೆಗೆ ಹೋಗಬೇಕಾಯಿತು. ಜಮೀನಿದ್ದವರ ಮಗನಿಗೇ ಇಷ್ಟು ದೂರವಾದರೆ, ತಲೆಯ ಮೇಲೆ ಗಂಟು ಹೊತ್ತು ಚಾರ್ಮಾಡಿ ಹತ್ತಿ ಬಂದವರ ಮಕ್ಕಳ ವಿಚಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕರಾವಳಿಯಿಂದ ಬಂದವರು ಈ ಪ್ರಯಾಣವನ್ನು 'ಘಟ್ಟಕ್ಕೆ ಹೋಗುವುದು' ಎಂದೇ ಕರೆದರು. ಗೇಣಿ ಒಕ್ಕಲುತನದಲ್ಲಿ ಸೋತವರು, ಅಣ್ಣತಮ್ಮಂದಿರ ಪಾಲಿನಲ್ಲಿ ನೆಲ ಉಳಿಯದವರು, ಬಡಗಿಗಳು, ಗಾರೆಯವರು, ಅಕ್ಷರ ಬಲ್ಲವರಾದರೆ ತೋಟದ ರೈಟರುಗಳು, ಹೀಗೆ ಬಗೆಬಗೆಯವರು ಬಂದರು. ಕೊಂಕಣಿ ಮಾತನಾಡುವ ಕ್ರೈಸ್ತ ಕುಟುಂಬಗಳೂ ತುಳುವರೂ ಈ ದಾರಿಯಲ್ಲಿ ಬಂದರೆ, ಮೂಡಲಿನಿಂದ ತಮಿಳು ಮಾತಿನವರು ಬಂದರು. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದವರು ಹಣ್ಣಿನ ಕೊಯ್ಲು ಮುಗಿಯುವತನಕ ಇದ್ದು ಹಿಂದಿರುಗುತ್ತಿದ್ದರು. ಕ್ರಮೇಣ ಕೆಲವರು ಹಿಂದಿರುಗದೆ ಲೈನು ಮನೆಗಳಲ್ಲೇ ಉಳಿದರು. ಶಾಲೆಯ ಪ್ರಶ್ನೆ ಏಳುವುದು ಹೀಗೆ ಉಳಿದವರಿಗೆ.

ಇಲ್ಲಿ ಎರಡು ಪಂಚಾಂಗಗಳ ತಿಕ್ಕಾಟವನ್ನು ಗಮನಿಸಬೇಕು. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರಿನಿಂದ ತೊಡಗುತ್ತದೆ, ರೊಬಸ್ಟಾ ಹೊಸ ವರ್ಷದ ಮೇಲೆ. ಆಳು ಬೇಕಾಗುವುದೂ ಕುಟುಂಬಗಳು ಬಂದಿಳಿಯುವುದೂ ಆಗಲೇ. ಶಾಲೆಯ ವರ್ಷ ಆರಂಭವಾಗುವುದಾದರೋ ಜೂನಿನಲ್ಲಿ. ನವೆಂಬರಿನಲ್ಲಿ ಬಂದ ಹುಡುಗನಿಗೆ ಅರ್ಧ ಪಾಠ ಮುಗಿದಿರುತ್ತದೆ, ತರಗತಿ ತುಂಬಿರುತ್ತದೆ. ಬರುವ ವರ್ಷ ನೋಡೋಣವೆಂಬ ಉತ್ತರ ಸಿಗುತ್ತದೆ. ಆ ಬರುವ ವರ್ಷದೊಳಗೆ ಅವನ ಕೈಗೆ ಬುಟ್ಟಿ ಬಂದಿರುತ್ತದೆ. ಇನ್ನು ಜೂನಿನಲ್ಲೇ ಸೇರೋಣವೆಂದರೆ ಅದು ಮುಂಗಾರು ಅಪ್ಪಳಿಸುವ ತಿಂಗಳು. ಹಳ್ಳಗಳು ತುಂಬಿ, ಸಂಕಗಳು ಮುಳುಗಿ, ಗೊರಬು ಹೊದ್ದು ಹೊರಟ ಮಗು ಶಾಲೆ ಸೇರುವ ಹೊತ್ತಿಗೆ ಪುಸ್ತಕ ಒದ್ದೆಯಾಗಿರುತ್ತಿತ್ತು. ಬಯಲುಸೀಮೆಯ ಅನುಕೂಲಕ್ಕೆ ರಚಿತವಾದ ಶಾಲಾ ವರ್ಷವನ್ನು ಮಲೆನಾಡಿಗೆ ಹಾಗೆಯೇ ಹೊದಿಸಿದ್ದು ವಿವೇಕವಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕು ಇಂದಿನವರಿಗೆ ಊಹಿಸುವುದೂ ಕಷ್ಟ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು, ಚಿಕ್ಕಮಗಳೂರು ಮೈಸೂರಿಗೆ ಸೇರಿತ್ತು. ಬೆಳ್ತಂಗಡಿಯಿಂದ ಹೊರಟು ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಸೇರಿದವನು ಒಂದು ಆಡಳಿತವನ್ನು ಬಿಟ್ಟು ಇನ್ನೊಂದನ್ನು ಪ್ರವೇಶಿಸುತ್ತಿದ್ದನು. ಎರಡೂ ಕಡೆ ಓದುವುದು ಕನ್ನಡವೇ. ಆದರೆ ವಿದ್ಯಾ ಇಲಾಖೆ ಬೇರೆ, ಪಠ್ಯಪುಸ್ತಕ ಬೇರೆ, ಪರೀಕ್ಷೆ ಬೇರೆ. ಅಲ್ಲಿಯ ಫಾರಮ್ಮು ಇಲ್ಲಿಯ ಯಾವ ತರಗತಿಗೆ ಸಮವೆಂಬುದನ್ನು ಹೆಡ್ಮಾಸ್ತರರು ತೀರ್ಮಾನಿಸಬೇಕಾಗಿತ್ತು. ಸಂದೇಹ ಬಂದಾಗ ಮಗುವನ್ನು ಒಂದು ತರಗತಿ ಕೆಳಕ್ಕೆ ಇಳಿಸುವುದೇ ಸುಲಭ ಪರಿಹಾರವೆನಿಸುತ್ತಿತ್ತು. ಒಂದು ವರ್ಷ ಹಿಂದೆ ಬಿದ್ದ ಹುಡುಗನು, ಅದರಲ್ಲೂ ಕೂಲಿಯವರ ಮನೆಯ ಹುಡುಗನು, ಮುಂದಿನ ಮೂರು ವರ್ಷ ಬೆಂಚಿನ ಮೇಲೆ ಕೂರುವನೆಂಬ ಭರವಸೆ ಎಲ್ಲಿಯದು? ಈ ಕಾರಣದಿಂದಲೇ, ಸ್ವಲ್ಪ ಶಕ್ತಿಯಿದ್ದ ಕೊಂಕಣಿ ಮನೆತನಗಳು ಗಂಡುಮಕ್ಕಳನ್ನು ಮರಳಿ ಘಟ್ಟದ ಕೆಳಗೆ ಕಳುಹಿಸಿದವು. ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ನಿಂತು ಓದುವುದು, ಅನುಕೂಲವಿದ್ದರೆ ಮಂಗಳೂರಿನಲ್ಲಿ 1880ರಿಂದ ನಡೆದುಬಂದ ಸಂತ ಅಲೋಶಿಯಸ್ಸಿನಂತಹ ಶಾಲೆಯನ್ನು ಸೇರುವುದು. ತಂದೆತಾಯಿ ಮೇಲೆ, ಮಕ್ಕಳು ಕೆಳಗೆ. ನಡುವೆ ವರ್ಷಕ್ಕೆರಡು ರಜೆ. ಹೆಣ್ಣುಮಕ್ಕಳನ್ನು ಕಳುಹಿಸಿದವರು ಕಡಿಮೆ. ಧರ್ಮಭಗಿನಿಯರ ಬೋರ್ಡಿಂಗಿನಲ್ಲಿ ಸ್ಥಳ ಸಿಕ್ಕವರು ಓದಿದರು. ಮಿಕ್ಕವರು ತಂಗಿತಮ್ಮಂದಿರನ್ನು ನೋಡಿಕೊಂಡು ಲೈನಿನಲ್ಲೇ ಉಳಿದರು.

ರಾಜ್ಯ ಏಕೀಕರಣವಾದ ಮೇಲೆ ಘಟ್ಟದ ಮೇಲೂ ಕೆಳಗೂ ಒಂದೇ ಇಲಾಖೆ, ಒಂದೇ ಎಸ್.ಎಸ್.ಎಲ್.ಸಿ. ಎಂಬ ವ್ಯವಸ್ಥೆ ಹಂತಹಂತವಾಗಿ ಬಂದಿತು. ಏಕೀಕರಣದ ಲಾಭಗಳನ್ನು ಎಣಿಸುವವರು ಇದನ್ನು ಎಣಿಸಿದುದನ್ನು ನಾವು ಅಷ್ಟಾಗಿ ಕಂಡಿಲ್ಲ.

ದಾಖಲೆಗಳ ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ನಮ್ಮ ದೇವಾಲಯಗಳಿಗೂ ಒಂದು ಪಾತ್ರವಿದೆ. ಹೈಸ್ಕೂಲಿಗೆ ಸೇರಲು ಬೇಕಾದುದು ಎರಡು ಕಾಗದ: ಹಿಂದಿನ ಶಾಲೆಯ ವರ್ಗಾವಣೆ ಪತ್ರ, ಅಂದರೆ ಜನ ಹೇಳುವ ಟಿ.ಸಿ.; ಮತ್ತು ವಯಸ್ಸಿನ ಸಾಕ್ಷಿ. ಮುಂಗಡ ಪಡೆದು ರಾತ್ರೋರಾತ್ರಿ ಲಾರಿ ಹತ್ತಿದವರು ಟಿ.ಸಿ. ಪಡೆದು ಬರುವುದುಂಟೆ? ಜನನ ಮರಣ ನೋಂದಣಿಗೆ ದೇಶಾದ್ಯಂತ ಒಂದೇ ಕಾನೂನು ಬಂದುದು 1969ರಲ್ಲಿ. ಅದಕ್ಕೆ ಮುಂಚೆ, ಅದರ ಅನಂತರವೂ ಎಷ್ಟೋ ಕಾಲ, ಲೈನು ಮನೆಯ ಹೆರಿಗೆಗಳು ಯಾವ ಪುಸ್ತಕದಲ್ಲೂ ಏರಲಿಲ್ಲ. ಕ್ರೈಸ್ತ ಕುಟುಂಬಗಳಿಗೆ ಇದ್ದ ಒಂದೇ ಅನುಕೂಲವೆಂದರೆ ಜ್ಞಾನಸ್ನಾನದ ದಾಖಲೆ ಪುಸ್ತಕ. ಮಗುವಿನ ಹೆಸರು, ಜನ್ಮದಿನ, ತಂದೆತಾಯಿಯ ಹೆಸರು, ಊರು ಎಲ್ಲವೂ ಅದರಲ್ಲಿ ಇರುತ್ತಿತ್ತು. ವಿಚಾರಣಾ ಗುರುಗಳು ನಕಲು ಬರೆದು ಮೊಹರು ಹಾಕಿದರೆ ಶಾಲೆಗಳು ಅದನ್ನು ವಯಸ್ಸಿನ ಪುರಾವೆಯಾಗಿ ಸ್ವೀಕರಿಸುತ್ತಿದ್ದವು. ಪಕ್ಕದ ಲೈನಿನ ತುಳು ಅಥವಾ ತಮಿಳು ಮನೆಯ ಮಗುವಿಗೆ ಅಂಥ ಪುಸ್ತಕವಿರಲಿಲ್ಲ; ಅದರ ವಯಸ್ಸನ್ನು ಮೇಷ್ಟ್ರೇ ಅಂದಾಜಿನಿಂದ ಬರೆದುಕೊಳ್ಳುತ್ತಿದ್ದರು. ಈ ಸೀಮೆಯ ಹಿರಿಯರಲ್ಲಿ ಬಹಳ ಮಂದಿ ಜೂನ್ ತಿಂಗಳ ಮೊದಲ ದಿನವೇ ಹುಟ್ಟಿದವರಾಗಿರುವುದಕ್ಕೆ ಜ್ಯೋತಿಷ್ಯದಲ್ಲಿ ಕಾರಣ ಹುಡುಕಬೇಕಾಗಿಲ್ಲ.

1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪಿತವಾಗಿ, ಪೂಜ್ಯ ಅಲ್ಫೋನ್ಸಸ್ ಮಥಾಯಸ್‌ರವರು ಪ್ರಥಮ ಧರ್ಮಾಧ್ಯಕ್ಷರಾದರು. ಇದರಿಂದ ಈ ಬೆಟ್ಟಗಳ ಜನರು ತಮ್ಮ ಅಹವಾಲುಗಳಿಗಾಗಿ ಮೈಸೂರಿನವರೆಗೆ ನೋಡಬೇಕಾದ ಸ್ಥಿತಿ ತಪ್ಪಿತೆಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಕಾನೂನು ಏನು ಮಾಡಿತು? 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯನ್ನು ಈ ಸೀಮೆಯವರು ಮನೆ, ಆಸ್ಪತ್ರೆ, ಕಂಬಳಿಗಳ ಸಂಬಂಧವಾಗಿ ನೆನೆಯುತ್ತಾರೆ. ಅದರ 14ನೆಯ ಕಲಮು ಶಿಕ್ಷಣಕ್ಕೆ ಸಂಬಂಧಿಸಿದ್ದು. ಒಂದು ತೋಟದ ಕಾರ್ಮಿಕರ ಮಕ್ಕಳಲ್ಲಿ ಆರರಿಂದ ಹನ್ನೆರಡು ವಯಸ್ಸಿನವರು 25ಕ್ಕಿಂತ ಹೆಚ್ಚಾಗಿದ್ದರೆ, ಅವರ ಶಿಕ್ಷಣಕ್ಕೆ ಮಾಲೀಕನು ಸೌಕರ್ಯ ಒದಗಿಸಬೇಕೆಂದು ರಾಜ್ಯ ಸರ್ಕಾರವು ನಿಯಮ ಮಾಡಬಹುದೆಂದು ಅದು ಹೇಳಿತು. ಅದೇ ಕಾಯಿದೆ ಬೇರೊಂದು ಕಲಮಿನಲ್ಲಿ, ಹನ್ನೆರಡು ತುಂಬದ ಮಗುವನ್ನು ತೋಟದಲ್ಲಿ ದುಡಿಸಕೂಡದೆಂದೂ ವಿಧಿಸಿತು. ಎರಡು ಕಲಮುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಅರ್ಥ ಸ್ಪಷ್ಟವಾಗುತ್ತದೆ. ಯಾವ ದಿನ ಶಾಲೆಯ ಹೊಣೆ ಮುಗಿಯುತ್ತದೆಯೋ ಅದೇ ದಿನ ದುಡಿಮೆಯ ಬಾಗಿಲು ತೆರೆಯುತ್ತದೆ. ವೈದ್ಯರಿಂದ ಒಂದು ಅರ್ಹತಾ ಪತ್ರ ಪಡೆದರಾಯಿತು. ಹೈಸ್ಕೂಲು ಸೇರಬೇಕಾದ ವಯಸ್ಸು ಯಾವುದೋ ಆ ವಯಸ್ಸನ್ನು ಕಾಯಿದೆಯು ಚೆಕ್‌ರೋಲಿಗೆ ಒಪ್ಪಿಸಿತು. ಕಾಯಿದೆ ಮಾಡಿದವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಕೂಲಿಯವನ ಮಗುವಿಗೆ ಓದುಬರಹ ಬಂದರೆ ಸಾಕೆಂಬ ಆ ಕಾಲದ ಮನೋಧರ್ಮವೇ ಅದರಲ್ಲಿ ಮೂಡಿದೆ. ದುಡಿಮೆಯ ಈ ವಯಸ್ಸಿನ ಕಲಮನ್ನು 1986ರಲ್ಲಿ ತೆಗೆದುಹಾಕಿ, 2010ರ ತಿದ್ದುಪಡಿಯಲ್ಲಿ ಮಕ್ಕಳ ದುಡಿಮೆಯನ್ನೇ ನಿಷೇಧಿಸಲಾಯಿತು. 1961ರ ಕಡ್ಡಾಯ ಶಿಕ್ಷಣದ ಕಾಯಿದೆಯೂ ಹೆಸರಿಗೆ ತಕ್ಕಂತೆ ಪ್ರಾಥಮಿಕ ಹಂತದಲ್ಲೇ ನಿಂತಿತು.

ವಲಸೆ ಎಂದರೆ ಹೊರಗಿನಿಂದ ಬಂದವರದು ಮಾತ್ರವೆಂದು ಎಣಿಸಬಾರದು. ಇದೇ ಜಿಲ್ಲೆಯೊಳಗೆ ಊರಿಗೆ ಊರೇ ಎದ್ದು ಹೋದ ಪ್ರಸಂಗಗಳಿವೆ. 1974ರಲ್ಲಿ ಭದ್ರಾ ಅಭಯಾರಣ್ಯವೆಂಬ ಹೆಸರು ಪಡೆದು, 1998ರಲ್ಲಿ ಹುಲಿ ರಕ್ಷಿತಾರಣ್ಯವಾದ ಪ್ರದೇಶದ ಒಳಗಿದ್ದ ಹಳ್ಳಿಗಳ 400ಕ್ಕೂ ಮಿಕ್ಕಿದ ಕುಟುಂಬಗಳು 2001-02ರ ಸುಮಾರಿನಲ್ಲಿ ಹೊರಗೆ ಬಂದು ನೆಲೆಸಿದವು. ಬಹುಪಾಲಿನವರು ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೆ ಹೋದರು, ಕೆಲವರು ಕಾಫಿ ಸೀಮೆಯ ಕೆಳಗೂರಿಗೆ. ಕಾಡಿನೊಳಗೆ ಅವರಿಗೆ ಗದ್ದೆಯಿತ್ತು, ಅಡಕೆಯಿತ್ತು, ಬಸ್ಸಿರಲಿಲ್ಲ, ಹೈಸ್ಕೂಲಿರಲಿಲ್ಲ. ಆನೆ ಕಾಟದ ಹಾದಿಯಲ್ಲಿ ಮಕ್ಕಳನ್ನು ನಡೆಸುವುದಕ್ಕಿಂತ ಊರನ್ನೇ ಬಿಡುವುದು ಲೇಸೆಂದು ತೀರ್ಮಾನಿಸಿದವರಲ್ಲಿ ಮಕ್ಕಳ ಓದನ್ನು ಮುಂದಿಟ್ಟವರೂ ಇದ್ದರು. ಶಾಲೆಗಾಗಿ ಪಿತ್ರಾರ್ಜಿತವನ್ನು ಬಿಟ್ಟುಬಂದ ಇಂಥ ಉದಾಹರಣೆಯ ಮುಂದೆ, ಮಲೆನಾಡಿಗರಿಗೆ ವಿದ್ಯೆಯಲ್ಲಿ ಆಸಕ್ತಿ ಸಾಲದೆಂಬ ಹಳೆಯ ಆಕ್ಷೇಪಣೆ ನಿಲ್ಲಲಾರದು.

ಕುದುರೆಮುಖದ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. 1976ರಲ್ಲಿ ಕಬ್ಬಿಣದ ಅದಿರಿನ ಸಂಸ್ಥೆ ಹುಟ್ಟಿದಾಗ ಕಾಡಿನ ನಡುವೆ ಪಟ್ಟಣವೊಂದು ಶಾಲೆಗಳ ಸಮೇತ ಎದ್ದಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ವಸತಿಗೃಹಗಳು ಬರಿದಾಗುತ್ತ ಬಂದಂತೆ, ಶಾಲೆ ಬಾಗಿಲಲ್ಲೇ ಇದ್ದ ಮಕ್ಕಳು ಟಿ.ಸಿ. ಹಿಡಿದು ಊರೂರು ಹುಡುಕುವಂತಾಯಿತು.

ಸರ್ಕಾರದ ಕಡೆಯಿಂದ ಆದ ಉಪಕಾರಗಳನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು, ಬಾಳೆಹೊನ್ನೂರು ಬಳಿಯ ಸೀಗೋಡಿನ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿಶಾಲೆಗಳು ತೋಟಗಳ ಎಷ್ಟೋ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿವೆ. ಆದರೆ ಇಂಥ ವಸತಿಶಾಲೆಗಳಿಗೆ ಐದನೆಯ ತರಗತಿಯಲ್ಲಿರುವಾಗಲೇ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು. ಆ ವರ್ಷ ಬೇರೆಲ್ಲೋ ಇದ್ದ ಮಗುವಿಗೆ ಅದು ಕೈತಪ್ಪುತ್ತದೆ. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡುವ ಯೋಜನೆ ಬಂದಿತು. ಬಯಲುಸೀಮೆಗೆ ಅದು ವರವಾಯಿತು. ನಮ್ಮ ಗುಡ್ಡಗಳಲ್ಲಿ ಮಗು ಸೈಕಲ್ಲನ್ನು ಏರಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಇಲ್ಲಿ ಓದನ್ನು ಉಳಿಸಿದ್ದು ಬಸ್ಸು. ಕಾರ್ಮಿಕರೇ 1991ರಲ್ಲಿ ಕಟ್ಟಿಕೊಂಡ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಬೆಟ್ಟದ ತಿರುವುಗಳಲ್ಲಿ ಶಾಲಾಮಕ್ಕಳನ್ನು ಹೊತ್ತು ತಿರುಗಿದವು. 2020ರಲ್ಲಿ ಆ ಸಂಸ್ಥೆ ನಿಂತಿತು. ಒಂದು ಬಸ್ಸು ನಿಂತರೆ ಒಂದು ಹಾದಿಯುದ್ದಕ್ಕೂ ಹೆಣ್ಣುಮಕ್ಕಳ ಓದು ನಿಲ್ಲುವ ಸಂಭವವಿದೆಯೆಂಬುದು ಪೇಟೆಯವರಿಗೆ ಹೊಳೆಯುವ ಮಾತಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು, ಇಲ್ಲಿ ಹೇಳಿದ ಬಹುತೇಕ ತೊಡಕುಗಳನ್ನು ಹೆಸರು ಹಿಡಿದು ನಿವಾರಿಸಿತೆಂಬುದು ಸಂತೋಷದ ಸಂಗತಿ. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ವಯಸ್ಸಿನ ಪುರಾವೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ ವಿಶೇಷ ಪಾಠ ಕೊಡಬೇಕು. ನಮ್ಮ ಹಿರಿಯರಿಗೆ ಇದು ದೊರೆತಿದ್ದರೆ! ಆದರೆ ಈ ಹಕ್ಕೂ ಹದಿನಾಲ್ಕನೆಯ ವಯಸ್ಸಿಗೆ, ಎಂಟನೆಯ ತರಗತಿಗೆ ಮುಗಿಯುತ್ತದೆ. 1951ರಲ್ಲಿ ಹನ್ನೆರಡಕ್ಕೆ ಎಳೆದ ಗೆರೆ ಎರಡು ವರ್ಷ ಮುಂದೆ ಸರಿದಿದೆ, ಅಷ್ಟೆ. ಒಂಬತ್ತನೆಯ, ಹತ್ತನೆಯ ತರಗತಿಗೆ ಬಂದು ಸೇರಬೇಕಾದ ಮಗುವಿಗೆ ಈ ಕಾಯಿದೆ ಆಸರೆಯಲ್ಲ.

ಇಂದು ಆ ಗೆರೆಯಾಚೆ ನಿಂತಿರುವವರು ಬೇರೆ ಜನ. ಕರಾವಳಿಯವರು ತೋಟದ ಕೂಲಿಗೆ ಬರುವುದು ಕಡಿಮೆಯಾಗಿದೆ; ಲೈನು ಮನೆಗಳಲ್ಲಿ ಅಸ್ಸಾಮಿನಿಂದಲೂ ಉತ್ತರದ ಇತರ ರಾಜ್ಯಗಳಿಂದಲೂ ಬಂದ ಕುಟುಂಬಗಳು ವಾಸವಾಗಿವೆ. ಬರುವುದು ಅದೇ ನವೆಂಬರಿನಲ್ಲಿ. ಸಣ್ಣ ಮಕ್ಕಳು ನಾಲ್ಕು ತಿಂಗಳಲ್ಲಿ ಕನ್ನಡ ಕಲಿತು ನಲಿಯುತ್ತಾರೆ. ಹದಿನಾಲ್ಕರ ಹುಡುಗಿ ಬೇರೊಂದು ಲಿಪಿಯಲ್ಲಿ ಬರೆದ ಟಿ.ಸಿ. ತಂದಿರುತ್ತಾಳೆ. ಅದನ್ನು ಓದಬಲ್ಲವರು ಶಾಲೆಯಲ್ಲಿಲ್ಲ. ಆಧಾರ್ ಕಾರ್ಡಿನ ಹೆಸರಿಗೂ ಅದಕ್ಕೂ ಕಾಗುಣಿತ ಹೊಂದುವುದಿಲ್ಲ. ಒಂಬತ್ತನೆಯ ತರಗತಿಯ ಸಮಾಜ ಪಾಠ ಅವಳು ಒಂದಕ್ಷರವನ್ನೂ ಕಾಣದ ಕನ್ನಡದಲ್ಲಿದೆ. ಪರೀಕ್ಷಾ ಮಂಡಳಿಯ ನೋಂದಣಿಯ ದಿನವೂ ಮುಗಿದಿರುತ್ತದೆ. ಜೂನಿಗೆ ಬನ್ನಿ ಎನ್ನುತ್ತಾರೆ. ಜೂನಿನ ಹೊತ್ತಿಗೆ ಕೊಯ್ಲು ಮುಗಿದು, ಕಣದ ಕಾಫಿ ಒಣಗಿ ಮೂಟೆಯಾಗಿ, ಆ ಕುಟುಂಬ ಇನ್ನೊಂದು ತೋಟಕ್ಕೆ ಹೋಗಿರುತ್ತದೆ.