ಜರಿ ಎಳೆಯಲ್ಲಿ ಕರೆಂಟು

ಇವತ್ತಿನ ಕಥೆ ಶುರುವಾಗೋದು ನಾನು ಕೆಡಿಸಿದ ಒಂದು ಬಟ್ಟೆ ಚೀಲದಿಂದ. ಚೀಲದ ಮೇಲೆ ಪುಟ್ಟ ಎಲ್‌ಇಡಿ ಕೂರಿಸಿ, ವೈರ್ ಬದಲು ಕರೆಂಟ್ ಹರಿಯುವ ಸ್ಟೀಲ್ ದಾರದಲ್ಲಿ ಹೊಲಿದಿದ್ದೆ. ದೀಪ ಹತ್ತಲಿಲ್ಲ. ಸೆಲ್ ಬದಲಾಯಿಸಿದೆ, ಎಲ್‌ಇಡಿ ಬದಲಾಯಿಸಿದೆ, ಊಹೂಂ. ಮೂವತ್ತು ವರ್ಷದಿಂದ ರವಿಕೆ ಹೊಲಿಯುವ ಅಮ್ಮ ಬಂದು ಚೀಲವನ್ನು ಒಳಮೈ ಹೊರಗೆ ಮಾಡಿ ನೋಡಿದರು. "ಹಿಂದುಗಡೆ ದಾರ ಎಷ್ಟುದ್ದ ಬಿಟ್ಟಿದೀಯ ನೋಡೇ!" ಗಂಟು ಹಾಕಿ ಹಾಗೇ ಬಿಟ್ಟಿದ್ದ ಎರಡು ತುದಿಗಳು, ಒಂದು ಪ್ಲಸ್ಸಿಂದು, ಒಂದು ಮೈನಸ್ಸಿಂದು, ಒಂದಕ್ಕೊಂದು ಅಂಟಿಕೊಂಡಿದ್ದವು. ಶಾರ್ಟ್ ಸರ್ಕ್ಯೂಟ್. ತಪ್ಪು ಹಿಡಿಯೋಕೆ ಅಮ್ಮನಿಗೆ ಆ ಪದವೇ ಬೇಕಾಗಲಿಲ್ಲ.

ಹಾಗಾದರೆ ಇದು ಎಲೆಕ್ಟ್ರಾನಿಕ್ಸಾ, ಹೊಲಿಗೆಯಾ? ಸ್ವಲ್ಪ ಹಿಂದಕ್ಕೆ ಹೋಗೋಣ.

ಉಡುಪಿಗೆ ದೀಪ ಹಚ್ಚುವ ಆಸೆ ಹಳೆಯದು. 1882ರ ನವೆಂಬರ್‌ನಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ 'ಅಯೊಲಾಂತೆ' ಅನ್ನೋ ಸಂಗೀತ ನಾಟಕ ಶುರುವಾಯಿತು. ಅದರಲ್ಲಿ ಕಿನ್ನರಿಯರ ಮುಡಿಯಲ್ಲಿ ಪುಟ್ಟ ಬಲ್ಬುಗಳು ಮಿನುಗುತ್ತಿದ್ದವು, ಬ್ಯಾಟರಿ ವೇಷದೊಳಗೆ ಅಡಗಿತ್ತು. ನೋಡಿದವರು ಬೆರಗಾಗಿರಬೇಕು. ಆದರೆ ಅಲ್ಲಿ ಬಟ್ಟೆಯ ಕೆಲಸ ಬ್ಯಾಟರಿ ಮುಚ್ಚಿಡೋದಷ್ಟೇ.

ಬಟ್ಟೆಯೇ ವೈರ್ ಆಗಬಹುದು ಅನ್ನೋ ಯೋಚನೆ ಜೋರು ಪಡೆದದ್ದು 1990ರ ದಶಕದಲ್ಲಿ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಓರ್ಥ್ 1997ರಲ್ಲಿ ಒಂದು ಪ್ರಬಂಧ ಬರೆದರು. ಅವರು ಸರ್ಕ್ಯೂಟ್‌ಗೆ ಆರಿಸಿಕೊಂಡ ಬಟ್ಟೆ ಯಾವುದು ಗೊತ್ತಾ? ರೇಷ್ಮೆ ಎಳೆಗೆ ತೆಳು ಲೋಹದ ಪಟ್ಟಿ ಸುತ್ತಿ ನೇಯ್ದ ಆರ್ಗನ್ಜಾ. ಭಾರತದಲ್ಲಿ ಕನಿಷ್ಠ ನೂರು ವರ್ಷದಿಂದ ಇದನ್ನು ಹೀಗೇ ನೇಯ್ತಾರೆ ಅಂತ ಅವರೇ ಬರೆದಿದ್ದಾರೆ. ರೇಷ್ಮೆಗೆ ಲೋಹ ಸುತ್ತೋದು ಅಂದರೆ ನಮ್ಮ ಭಾಷೆಯಲ್ಲಿ ಜರಿ, ಅಲ್ವಾ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದೆ, 2007. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಲಿಯಾ ಬೀಕ್ಲಿ ಅವರು ಹೊಲಿಯಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್ ರೂಪಿಸಿದರು. ಸ್ಪಾರ್ಕ್‌ಫನ್ ಕಂಪನಿ ಅದನ್ನು 'ಲಿಲಿಪ್ಯಾಡ್' ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ನೇರಳೆ ಬಣ್ಣ, ದುಂಡಗೆ ಹೂವಿನಂಥ ಆಕಾರ, ಅಂಚಿನ ಸುತ್ತ ತೂತುಗಳು. ಬೆಸುಗೆ ಬೇಡ, ಗುಂಡಿ ಹೊಲಿದ ಹಾಗೆ ಹೊಲಿದರಾಯಿತು.

2010ರಲ್ಲಿ ಬೀಕ್ಲಿ ಮತ್ತು ಬೆಂಜಮಿನ್ ಮಾಕೊ ಹಿಲ್, ಜನ ಮಾಡಿ ತೋರಿಸಿದ ಪ್ರಾಜೆಕ್ಟ್‌ಗಳನ್ನು ಲೆಕ್ಕ ಹಾಕಿದರು. ಮಾಮೂಲಿ ಆರ್ಡುಯಿನೋ ಬೋರ್ಡ್‌ನವುಗಳಲ್ಲಿ ಹೆಣ್ಣುಮಕ್ಕಳು ಮಾಡಿದ್ದು ಶೇ 2. ಲಿಲಿಪ್ಯಾಡ್‌ನಲ್ಲಿ ಶೇ 65. ಲಿಲಿಪ್ಯಾಡ್ ಕೂಡ ಒಳಗೆ ಆರ್ಡುಯಿನೋ ಜಾತಿಯದೇ. ಬದಲಾಗಿದ್ದು ಬಾಗಿಲು. ಹುಡುಗಿಯರಿಗೆ ಸರ್ಕ್ಯೂಟ್ ಒಗ್ಗಲ್ಲ ಅಂತ ನಂಗೆ ಒಬ್ಬ ಮೇಷ್ಟ್ರು ಹೇಳಿದ್ದರು. ಈ ಲೆಕ್ಕ ಆಗ ಗೊತ್ತಿದ್ದಿದ್ದರೆ!

ನೀವು ಶುರು ಮಾಡೋದಾದರೆ ಬೋರ್ಡೂ ಬೇಡ. 3 ವೋಲ್ಟಿನ ನಾಣ್ಯದಂಥ ಸೆಲ್, ಅದನ್ನು ಹಿಡಿದಿಡಲು ಹೊಲಿಯೋಕೆ ಬರುವ ಹೋಲ್ಡರ್, ಒಂದು ಎಲ್‌ಇಡಿ, ಸ್ಟೀಲ್ ದಾರ ಸಾಕು. ಎಲ್‌ಇಡಿಯ ಉದ್ದನೆ ಕಾಲು ಪ್ಲಸ್‌ಗೆ. ತೂತಿನಲ್ಲಿ ದಾರವನ್ನು ಮೂರು ಸಲ ಬಿಗಿಯಾಗಿ ಸುತ್ತಿ, ಸಡಿಲ ಆದರೆ ದೀಪ ಕಣ್ಣು ಮಿಟುಕಿಸುತ್ತೆ. ಪ್ಲಸ್ ಸಾಲು, ಮೈನಸ್ ಸಾಲು ಎಲ್ಲೂ ಒಂದನ್ನೊಂದು ಮುಟ್ಟಬಾರದು. ಹಿಂಬದಿಯ ತುದಿಗಳನ್ನು ಗಿಡ್ಡ ಕತ್ತರಿಸಿ. ಒಗೆಯೋ ಮುಂಚೆ ಸೆಲ್ ತೆಗೆಯಿರಿ, ಮನೇಲಿ ಚಿಕ್ಕ ಮಕ್ಕಳಿದ್ದರೆ ಸೆಲ್ ಅವರ ಕೈಗೆ ಸಿಗದ ಹಾಗಿಡಿ. ನುಂಗಿದರೆ ಪ್ರಾಣಕ್ಕೇ ಅಪಾಯ.

ಕೊನೆಗೆ ಅಜ್ಜಿಯ ಹಳೇ ಮೈಸೂರು ಸಿಲ್ಕ್ ಸೀರೆ ತೆಗೆದೆ. ಅಸಲಿ ಜರಿ, ಅಂದರೆ ಬೆಳ್ಳಿ. ಸೆಲ್‌ನ ಮೈನಸ್ ಮುಖವನ್ನು ಅಂಚಿನ ಮೇಲಿಟ್ಟು, ಎಲ್‌ಇಡಿಯ ಉದ್ದ ಕಾಲನ್ನು ಸೆಲ್ ಮೇಲೆ, ಗಿಡ್ಡ ಕಾಲನ್ನು ಪಕ್ಕದ ಜರಿಗೆ ಒತ್ತಿದೆ. ಕೆಂಪಗೆ ಹತ್ತಿಕೊಳ್ತು. ಅಮ್ಮನ ಹೊಸ ಸೀರೆಯ ಪ್ಲಾಸ್ಟಿಕ್ ಜರಿಯಲ್ಲಿ ಹತ್ತಲಿಲ್ಲ.

ಅಮ್ಮ ಎರಡೂ ಸೀರೆ ನೋಡಿದರು. "ಅಂಗಡಿಯವನು ಅಸಲಿ ಅಂತ ಹೇಳಿದ್ದ," ಅಂದರು. ಆಮೇಲೆ ಆ ಸೆಲ್ಲು, ಎಲ್‌ಇಡಿ ಎರಡನ್ನೂ ತಮ್ಮ ಪರ್ಸಿಗೆ ಹಾಕಿಕೊಂಡರು.